ತೆಂಗಿನಕಾಯಿ ಒಡೆಯುವ ಗಳಿಗೆ: ಡಿಎಸ್‌ಎಲ್‌ಆರ್ ವೇಗದ ಹಿಂದಿನ ಕಥೆ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕಾಯಿ ಚೂರಾಗುವ ಫೋಟೋ ಬೇಕು ಅಂತ ನಾನು ಹಲವು ವರ್ಷ ಹೆಣಗಿದ್ದೇನೆ. ನನ್ನ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಸೆಕೆಂಡಿಗೆ 3 ಫೋಟೋ ತೆಗೆಯುತ್ತಿತ್ತು. ಕೋವಿ ಸದ್ದಿಗೂ ಮೊದಲೇ ಬಟನ್ ಒತ್ತಿ ಹಿಡಿದೆ. ಒಂದು ಫ್ರೇಮಿನಲ್ಲಿ ಇಡೀ ಕಾಯಿ ಇತ್ತು. ಮುಂದಿನದರಲ್ಲಿ ಬರೀ ಹಗ್ಗ ಓಲಾಡುತ್ತಿತ್ತು.

ಈಗ ಮಡಿಕೇರಿ, ಗೋಣಿಕೊಪ್ಪ ಕಡೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕುವವರು ಮೊದಲು ಕೇಳುವುದು ‘ಸೆಕೆಂಡಿಗೆ ಎಷ್ಟು?’ ಆಮೇಲೆ ‘ವೈಫೈ ಇದೆಯಾ?’ ಎರಡಕ್ಕೂ ಡಬ್ಬದ ಮೇಲೆ ಉತ್ತರ ಬರೆದಿರುತ್ತದೆ. ಅದು ಅರ್ಧ ಉತ್ತರ ಮಾತ್ರ.

ರೀಲಿನ ಕಾಲದಲ್ಲಿ ಈ ಲೆಕ್ಕ ಸುಲಭ ಇತ್ತು. ರೀಲಿನಲ್ಲಿ 36 ಫೋಟೋ, ಸೆಕೆಂಡಿಗೆ 5 ಓಡಿಸಿದರೆ ಏಳು ಸೆಕೆಂಡಿಗೆ ರೀಲು ಖಾಲಿ. 1999ರಲ್ಲಿ ಬಂದ ಡಿಜಿಟಲ್ ಕ್ಯಾಮೆರಾ ನಿಕಾನ್ ಡಿ1 ಸೆಕೆಂಡಿಗೆ 4.5 ಫೋಟೋ ತೆಗೆಯಿತು. 2001ರ ಕ್ಯಾನನ್ 1ಡಿ 8ಕ್ಕೆ ಹೋಯಿತು. 2003ರ ಕ್ಯಾನನ್ 300ಡಿ ಬೆಲೆಯನ್ನು ಕೆಳಗಿಳಿಸಿತು, ಆದರೆ ವೇಗ 2.5 ಅಷ್ಟೇ. ಒಂದೇ ಏಟಿಗೆ 4 ಫೋಟೋ ತೆಗೆದರೆ ನಿಂತುಬಿಡುತ್ತಿತ್ತು.

ವೇಗ ಯಾಕೆ ಅಷ್ಟು ದುಬಾರಿ? ಒಳಗಿನ ಕನ್ನಡಿಯಿಂದ. ಪ್ರತಿ ಫೋಟೋಗೂ ಕನ್ನಡಿ ಮೇಲೇಳಬೇಕು, ಶಟರ್ ತೆರೆದು ಮುಚ್ಚಬೇಕು, ಕನ್ನಡಿ ಮತ್ತೆ ಕೆಳಗಿಳಿದು ಅಲುಗದೆ ನಿಲ್ಲಬೇಕು. ಅದು ಕೆಳಗಿದ್ದಾಗಲೇ ಫೋಕಸ್ ಸರಿಮಾಡಲು ಸಮಯ. ಇದನ್ನು ಸೆಕೆಂಡಿಗೆ ಹತ್ತು ಸಲ ಮಾಡಲು ಗಟ್ಟಿ ಮೋಟಾರ್ ಬೇಕು.

2009ರಿಂದ 2016ರವರೆಗಿನ ಕಾಲದಲ್ಲೇ ಜಾಸ್ತಿ ಗೊಂದಲ ಹುಟ್ಟಿದ್ದು. ಕ್ಯಾನನ್ 7ಡಿ 2009ರಲ್ಲಿ 8 ಫೋಟೋ ವೇಗವನ್ನು ನಮ್ಮಂಥವರ ಕೈಗೆ ತಂದಿತು. ಆಗ ‘ಬಫರ್’ ಅನ್ನುವ ಮಾತು ಎಲ್ಲರ ಬಾಯಿಗೂ ಬಂತು. ತೆಗೆದ ಫೋಟೋ ಮೆಮೊರಿ ಕಾರ್ಡಿಗೆ ಹೋಗುವ ಮೊದಲು ಕಾಯುವ ಜಾಗ ಅದು. ನಮ್ಮ ಕಾಫಿ ಕಣದ ಹಾಗೆ. ಕುಯ್ಯುವವರು ಎಷ್ಟೇ ಚುರುಕಾಗಿರಲಿ, ಕಣ ತುಂಬಿದರೆ ಕಾಫಿ ಹರಡಲು ಜಾಗ ಇಲ್ಲ. 7ಡಿಯ ಕಣದಲ್ಲಿ ಹಿಡಿಯುತ್ತಿದ್ದದ್ದು 15 ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಇಡುವ ದೊಡ್ಡ ಫೈಲ್), ಅಂದರೆ ಎರಡು ಸೆಕೆಂಡಿನ ಕೆಲಸ. 2012ರಲ್ಲಿ ಸಾಫ್ಟ್‌ವೇರ್ ಬದಲಿಸಿ ಅದನ್ನು 25ಕ್ಕೆ ಏರಿಸಿದರು. 2013ರ ನಿಕಾನ್ ಡಿ7100 ಸೆಕೆಂಡಿಗೆ 6 ಫೋಟೋ ತೆಗೆಯುತ್ತಿತ್ತು. ಬಣ್ಣದ ವಿವರ ಹೆಚ್ಚು ಇಡುವ 14 ಬಿಟ್ ರಾ ಆದರೆ ಸುಮಾರು 6ಕ್ಕೇ ಬಫರ್ ಭರ್ತಿ!

ಕುಟ್ಟ ಕಡೆಯಿಂದ ನಾಗರಹೊಳೆ ಸಫಾರಿಗೆ ಹೋದವರಿಗೆ ಇದರ ನೋವು ಗೊತ್ತು. ಹುಲಿ ಪೊದೆಯಿಂದ ತಲೆ ಹೊರಹಾಕಿದಾಗಲೇ ಬಟನ್ ಒತ್ತುತ್ತೇವೆ. ಕಣ್ಣಿಟ್ಟು ನೋಡುವ ಕಿಂಡಿಯ, ಅಂದರೆ ವ್ಯೂಫೈಂಡರಿನ, ಮೂಲೆಯಲ್ಲಿ ಪುಟ್ಟ ಅಂಕಿ 5, 4, 3 ಅಂತ ಇಳಿಯುತ್ತದೆ. ಹುಲಿ ರಸ್ತೆ ನಡುವೆ ಬಂದು ನಮ್ಮ ಕಡೆ ತಿರುಗುವಾಗ ಅಂಕಿ ಸೊನ್ನೆ. ಕಾರ್ಡಿನ ದೀಪ ಮಿನುಗುತ್ತಾ ಇರುತ್ತದೆ, ಹುಲಿ ಹೋಗಿರುತ್ತದೆ. ಬಫರ್ ಎಷ್ಟು ಅನ್ನುವುದನ್ನೂ ವೇಗದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬಹುದಿತ್ತು, ಅಲ್ವಾ?

2016ರ ನಿಕಾನ್ ಡಿ500 ಈ ಗಂಟನ್ನು ಬಿಚ್ಚಿತು. ಸೆಕೆಂಡಿಗೆ 10 ಫೋಟೋ, ವೇಗದ ಎಕ್ಸ್‌ಕ್ಯೂಡಿ ಕಾರ್ಡ್ ಹಾಕಿದರೆ ಒಂದೇ ಸಮ 200 ಫೋಟೋ. ಆದರೆ ಆ ಕಾರ್ಡಿಗೆ ಬೇರೆ ದುಡ್ಡು ಕೊಡಬೇಕು.

ತೆಗೆದ ಫೋಟೋವನ್ನು ತಂತಿಯಿಲ್ಲದೆ ಫೋನಿಗೆ ಕಳಿಸುವ ವೈಫೈ ಕಥೆ ಇನ್ನೂ ನಿಧಾನ. 2007ರಲ್ಲಿ ಐ-ಫೈ ಅನ್ನುವ ವೈಫೈ ಮೆಮೊರಿ ಕಾರ್ಡ್ ಬಂತು. ಕ್ಯಾಮೆರಾದ ಒಳಗೇ ವೈಫೈ ಬಂದದ್ದು ಕ್ಯಾನನ್‌ನಲ್ಲಿ 2012ರ 6ಡಿಯಿಂದ, ನಿಕಾನ್‌ನಲ್ಲಿ 2013ರ ಡಿ5300ರಿಂದ. ವೇಗದ ಕ್ಯಾಮೆರಾಗಳಿಗೇ ಅದು ತಡವಾಯಿತು. 2014ರ 7ಡಿ ಮಾರ್ಕ್ 2ರಲ್ಲಿ 10 ಫೋಟೋ ವೇಗ ಇತ್ತು, ಜಿಪಿಎಸ್ ಇತ್ತು, ವೈಫೈ ಇರಲಿಲ್ಲ. ಬೇಗ ಕಳಿಸಬೇಕಾದವರು ಕೊಳ್ಳುವುದೇ ಇಂಥ ಕ್ಯಾಮೆರಾ.

ನಮ್ಮ ಕಡೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟವರ್ ಸಿಗದ ಊರಲ್ಲಿ ಕ್ಯಾಮೆರಾ ವೈಫೈ ಸುಮ್ನೆ ದಂಡ ಅನ್ನುತ್ತಾರೆ. ಹಾಗೇನಿಲ್ಲ. ಕ್ಯಾಮೆರಾವೇ ಒಂದು ಪುಟ್ಟ ನೆಟ್‌ವರ್ಕ್ ಹುಟ್ಟಿಸುತ್ತದೆ, ಫೋನ್ ಅದಕ್ಕೆ ಸೇರುತ್ತದೆ. ಕಾಡಿನ ನಡುವೆಯೂ ನಡೆಯುತ್ತದೆ. ಫೋನಿನಿಂದ ಆಚೆಗೆ ಕಳಿಸಲು ಮಾತ್ರ ಟವರ್ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಲವು ಊರುಗಳಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಫೋಟೋ ತೆಗೆದವರು ಸಿಗ್ನಲ್ ಹುಡುಕಿಕೊಂಡು ಅಲೆಯಬೇಕಾಯಿತು. ಅದಕ್ಕೆ ಯಾವ ಕ್ಯಾಮೆರಾದಲ್ಲೂ ಪರಿಹಾರ ಇಲ್ಲ.

2020ರಲ್ಲಿ ಎಲ್ಲವೂ ಒಟ್ಟಿಗೆ ಕೂಡಿಬಂತು. ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಸೆಕೆಂಡಿಗೆ 16, ನಿಕಾನ್ ಡಿ6 ಸೆಕೆಂಡಿಗೆ 14. ಎರಡರಲ್ಲೂ ವೈಫೈ, ಬ್ಲೂಟೂತ್, ಜಿಪಿಎಸ್, ಲ್ಯಾನ್ ಕೇಬಲ್. ಅಷ್ಟರಲ್ಲಿ ಎರಡೂ ಕಂಪನಿಗಳ ಗಮನ ಕನ್ನಡಿ ಇಲ್ಲದ ಕ್ಯಾಮೆರಾಗಳ ಕಡೆ ತಿರುಗಿತ್ತು. ಕನ್ನಡಿ ಇರುವ ಅತಿ ವೇಗದ ಕ್ಯಾಮೆರಾಗಳ ಸಾಲಿನಲ್ಲಿ ಇವೇ ಕೊನೆಯವು.

ಆದ್ದರಿಂದಲೇ ಹಳೆಯ ಡಿಎಸ್‌ಎಲ್‌ಆರ್ ಈಗ ಕೈಗೆಟಕುವ ಬೆಲೆಗೆ ಸಿಗುತ್ತಿದೆ. ಕೊಳ್ಳುವ ಮೊದಲು ನಿಮ್ಮದೇ ಕಾರ್ಡ್ ಹಾಕಿ, ರಾ ಇಟ್ಟು, ಬಟನ್ ಒತ್ತಿ ಹಿಡಿಯಿರಿ. ಕನ್ನಡಿಯ ಟಕಟಕ ಸದ್ದು ಎಲ್ಲಿ ತಡವರಿಸುತ್ತದೋ ಅಲ್ಲಿಗೆ ಬಫರ್ ತುಂಬಿತು. ಆಮೇಲೆ ಕಾರ್ಡಿನ ದೀಪ ಆರುವವರೆಗೆ ಎಣಿಸಿ. ವೈಫೈ ನೋಡುವಾಗ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ‘ಇಂಟರ್ನೆಟ್ ಇಲ್ಲ’ ಅಂತ ಫೋನ್ ಕ್ಯಾಮೆರಾದ ಕೈಬಿಟ್ಟು ಟವರ್ ಕಡೆ ಹೋಗಿಬಿಡಬಹುದು.