ಕಸೂತಿ ಮೇಲೆ ಪ್ರೊಜೆಕ್ಟರ್ ಬೆಳಕು ಬಿಟ್ಟರೆ ಹೊಲಿಗೆ ಮುಚ್ಚಿಹೋಗುವುದಿಲ್ಲವೇ?

ಪ್ರಶ್ನೆ: ಕೈಕಸೂತಿಗೆ ಡಿಜಿಟಲ್ ಪ್ರೊಜೆಕ್ಷನ್ ಸೇರಿಸಿ, ನೋಡುವವರು ಮೈಮರೆತು ನಿಲ್ಲುವಂಥ ಕೃತಿ ಮಾಡಬೇಕೆಂಬ ಆಸೆ ಇದೆ. ಆದರೆ ಅಷ್ಟು ಬೆಳಕಿನಲ್ಲಿ ಹೊಲಿಗೆಯೇ ಕಾಣದೆ ಹೋದರೆ?

ಉತ್ತರ: ಬಟ್ಟೆಯನ್ನು ಬರೀ ಪರದೆ ಮಾಡಿಕೊಂಡರೆ ಖಂಡಿತ ಕಾಣುವುದಿಲ್ಲ. ಉಕ್ಕುವ ಕಡಲು, ಓಡುವ ಮೋಡ ಎಲ್ಲ ಅದರ ಮೇಲೆ ಸುರಿದರೆ ಕಣ್ಣು ಚಿತ್ರದ ಹಿಂದೆಯೇ ಓಡುತ್ತದೆ. ಅದಕ್ಕೆ ಬಿಳಿ ಗೋಡೆಯೇ ಸಾಕಿತ್ತು, ಅಲ್ವಾ?

ದಾರದಿಂದ ಶುರುಮಾಡಿ. ಸ್ಯಾಟಿನ್ ಹೊಲಿಗೆಯಲ್ಲಿ ರೇಷ್ಮೆ ಎಳೆಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹೂವಿನ ಒಂದು ಎಸಳನ್ನು ಮೇಲಿಂದ ಕೆಳಕ್ಕೆ ತುಂಬಿ, ಪಕ್ಕದ್ದನ್ನು ಅಡ್ಡಡ್ಡ ತುಂಬಿ. ದಾರದ ಬಣ್ಣ ಒಂದೇ ಇರಲಿ. ಎದುರಿಗೆ ನಿಂತು ನೋಡಿದರೆ, ಬದಿಯಿಂದ ಬರುವ ಬೆಳಕಿಗೆ ಮೊದಲನೆಯ ಎಸಳು ಹೊಳೆಯುತ್ತದೆ. ಮೇಲಿನಿಂದ ಬರುವ ಬೆಳಕಿಗೆ ಅಡ್ಡ ತುಂಬಿದ್ದು ಹೊಳೆಯುತ್ತದೆ. ಬದಿಗೊಂದು, ಮೇಲೊಂದು ಪ್ರೊಜೆಕ್ಟರ್ ಓರೆಯಾಗಿಟ್ಟು, ಒಂದರ ಬೆಳಕು ನಿಧಾನಕ್ಕೆ ಇಳಿಸುತ್ತಾ ಇನ್ನೊಂದರದ್ದು ಏರಿಸಿ. ಹೊಳಪು ಎಸಳಿನಿಂದ ಎಸಳಿಗೆ ದಾಟುತ್ತದೆ. ಒಂದೇ ಪ್ರೊಜೆಕ್ಟರಿನಿಂದ ಇದು ಆಗದು. ಚಿತ್ರ ಎಷ್ಟೇ ಓಡಾಡಿದರೂ ಬೆಳಕು ಬರುವ ದಿಕ್ಕು ಬದಲಾಗುವುದಿಲ್ಲವಲ್ಲ! ಓರೆಯಿಟ್ಟಾಗ ಚಿತ್ರ ಸೊಟ್ಟಗಾಗುತ್ತದೆ, ಅದನ್ನು ಮ್ಯಾಪಿಂಗ್ ಸಾಫ್ಟ್‌ವೇರ್ ಸರಿಮಾಡುತ್ತದೆ. ಬೆಳಕನ್ನು ನೇರ ಎದುರಿನಿಂದ ಬಿಡಲೇಬೇಡಿ, ಹೊಲಿಗೆಯ ಉಬ್ಬೆಲ್ಲ ಚಪ್ಪಟೆಯಾಗುತ್ತದೆ.

ಬಣ್ಣದಲ್ಲೂ ಆಟವಿದೆ. ಬಿಳಿ ಬಟ್ಟೆಯ ಮೇಲಿನ ಕೆಂಪು ದಾರ ಕೆಂಪು ಬೆಳಕಿನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ನೀಲಿ ಬೆಳಕು ಬಿದ್ದ ಕೂಡಲೇ ಕಪ್ಪಾಗಿ ಎದ್ದು ಬರುತ್ತದೆ.

ಒಂದೊಂದೇ ಎಳೆಯನ್ನು ಬೆಳಗಿಸುತ್ತೇನೆ ಎಂದು ಹೊರಡಬೇಡಿ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 2 ಮೀಟರ್ ಬಟ್ಟೆಗೆ ಹರಡಿದರೆ ಒಂದು ಪಿಕ್ಸೆಲ್ಲೇ 1 ಮಿಲಿಮೀಟರಿಗಿಂತ ತುಸು ಜಾಸ್ತಿಯಾಗುತ್ತದೆ. ಕಸೂತಿ ಎಳೆ ಅದಕ್ಕಿಂತ ಸಣ್ಣ.

ಇನ್ನು ಆ ಮೈಮರೆಸುವ ಭವ್ಯತೆ. 1757ರಲ್ಲಿ ಚಿಂತಕ ಎಡ್ಮಂಡ್ ಬರ್ಕ್ ಇದರ ಬಗ್ಗೆ ಬರೆದಾಗ ದೊಡ್ಡ ಗಾತ್ರ, ಕತ್ತಲೆ ಇವುಗಳ ಜೊತೆ ಇನ್ನೆರಡು ಕಾರಣ ಹೇಳಿದ. ಕೊನೆಯೇ ಇಲ್ಲವೇನೋ ಎನ್ನುವಂತೆ ಒಂದೇ ರೂಪ ಮತ್ತೆ ಮತ್ತೆ ಬರುವುದು ಒಂದು. ಅಪಾರ ದುಡಿಮೆ ಬೇಡಿದ ಕೆಲಸ ಎಂದು ನೋಡಿದೊಡನೆ ಅನಿಸುವುದು ಇನ್ನೊಂದು. ಈ ಎರಡೂ ಕಸೂತಿಯಲ್ಲಿ ಆಗಲೇ ಇವೆ! ಸಾವಿರಾರು ಹೊಲಿಗೆ, ಪ್ರತಿಯೊಂದಕ್ಕೂ ಸೂಜಿ ಒಮ್ಮೆ ಇಳಿದು ಎದ್ದಿದೆ. ಹಾಗಾಗಿ ಪ್ರೊಜೆಕ್ಟರಿಗೆ ಉಳಿಯುವ ಕೆಲಸ ಕಡಿಮೆ. ಕೋಣೆ ಕತ್ತಲಿರಲಿ. ಬೆಳಕು ಮೂಲೆಯ ಒಂದು ಹೂವಿನಿಂದ ಶುರುವಾಗಿ ನಿಧಾನ ಹರಡಲಿ, ಬಟ್ಟೆಯ ಅಂಚು ಎಲ್ಲಿದೆ ಎಂಬುದು ತಡವಾಗಿ ಗೊತ್ತಾಗಲಿ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ, ಕಪ್ಪೆಂದರೂ ಮಂಕು ಬೂದು ಬೆಳಕು ಸೋರುತ್ತದೆ. ಕಡುಬಣ್ಣದ ಬಟ್ಟೆ ಅದನ್ನು ನುಂಗುತ್ತದೆ, ತಿಳಿಬಣ್ಣದ ದಾರ ಮಾತ್ರ ತೇಲಿ ನಿಲ್ಲುತ್ತದೆ.

ಅಜ್ಜಿ ಹಾಕಿದ ಹಳೆಯ ಕಸೂತಿಯನ್ನು ದಯವಿಟ್ಟು ಇದಕ್ಕೆ ಬಳಸಬೇಡಿ. ಬೆಳಕಿಗೆ ಬಣ್ಣ ಹೋಗುತ್ತದೆ, ರೇಷ್ಮೆ ಜೀರ್ಣವಾಗುತ್ತದೆ, ಹೋದದ್ದು ಮರಳುವುದಿಲ್ಲ. ಮ್ಯೂಸಿಯಂಗಳು ಬಟ್ಟೆಗಳ ಮೇಲಿನ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ (ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಒಳಗೇ ಇಡುತ್ತವೆ. ಈ ಕೃತಿಗೆಂದೇ ಹೊಸದಾಗಿ ಹೊಲಿಯಿರಿ. ಎಳೆ ಯಾವ ದಿಕ್ಕಿಗೆ ಮಲಗಬೇಕು ಎಂಬುದನ್ನೂ ಆಗ ನೀವೇ ಮೊದಲೇ ನಿರ್ಧರಿಸಬಹುದು.