ನಡೆಯಲು ಹೋಗುವ ಕಾರಿನ ಲೆಕ್ಕ

ನಡೆಯುವುದಕ್ಕೆಂದು ಕಾರು ಹತ್ತುವುದು ಮೈಸೂರಿನಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ, ಚಾಮುಂಡಿ ಬೆಟ್ಟದ ಪಾದದಲ್ಲಿ ನಿಂತಿರುವ ವಾಹನಗಳನ್ನು ನೋಡಿದರೆ ಸಾಕು. ವ್ಯಾಯಾಮವನ್ನು ಪರಿಸರಸ್ನೇಹಿ ಮಾಡಿಕೊಳ್ಳಬೇಕು ಅನ್ನುವವರು ಸಾಮಾನ್ಯವಾಗಿ ಸ್ಟೀಲ್ ಬಾಟಲಿಯಿಂದ, ಹೊಸ ಮ್ಯಾಟಿನಿಂದ ಶುರು ಮಾಡುತ್ತಾರೆ. ಆದರೆ ಹೊಗೆಯ ದೊಡ್ಡ ಪಾಲು ಇರುವುದು ದಾರಿಯಲ್ಲಿ.

ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಿಮ್ ಮನೆಯಿಂದ 4 ಕಿ.ಮೀ. ದೂರವಿದ್ದು, ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಹೋಗಿಬಂದರೆ 1.2 ಕಿಲೋ ಆಯಿತು. ಅಲ್ಲಿ ಟ್ರೆಡ್‌ಮಿಲ್ ಅರ್ಧ ಗಂಟೆ ಓಡಿದರೆ ಸುಮಾರು 0.35 ಯೂನಿಟ್ ವಿದ್ಯುತ್ ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ ಅದು ಕಾಲು ಕಿಲೋ ಮಾತ್ರ. ಕಾರಿನ ಲೆಕ್ಕವೂ ಉದಾರವಾಗಿಯೇ ಇದೆ. ಬೆಳಗಿನ ತಣ್ಣನೆಯ ಎಂಜಿನ್ ಮೊದಲ ಕೆಲವು ಕಿಲೋಮೀಟರ್ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಹೊಗೆಕೊಳವೆಯಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗುವ ತನಕ ವಿಷಾನಿಲಗಳನ್ನು ತಡೆಯುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಜಿಮ್ ಬಂದಿರುತ್ತದೆ.

ಪೆಡಲ್ ತುಳಿದು ಕರೆಂಟ್ ಮಾಡುವ ಯಂತ್ರಗಳ ವಿಡಿಯೋ ಆಗಾಗ ಓಡಾಡುತ್ತವೆ. ನೋಡಲು ಚೆಂದ, ಲೆಕ್ಕದಲ್ಲಿ ಬಡವ. ಸಾಧಾರಣ ಆರೋಗ್ಯವಂತರು ಒಂದು ಗಂಟೆ ತುಳಿದರೆ 100 ವ್ಯಾಟ್‌ನಂತೆ 0.1 ಯೂನಿಟ್ ಹುಟ್ಟುತ್ತದೆ, ಅದರಲ್ಲೂ ಒಂದು ಪಾಲು ಡೈನಮೋ ಬ್ಯಾಟರಿಗಳಲ್ಲಿ ಸೋರಿಹೋಗುತ್ತದೆ. ಇದರಿಂದ ತಪ್ಪುವ ಹೊಗೆ ಹೆಚ್ಚೆಂದರೆ 70 ಗ್ರಾಂ. ಅದೇ 100 ವ್ಯಾಟ್ ಶಕ್ತಿ ಸಾಮಾನ್ಯ ಸೈಕಲನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 18 ಕಿ.ಮೀ. ಆಸುಪಾಸು ಓಡಿಸುತ್ತದೆ. ಅಷ್ಟು ದೂರ ಸ್ಕೂಟರಿನಲ್ಲಿ ಹೋಗಿದ್ದರೆ, ಲೀಟರಿಗೆ 45 ಕಿ.ಮೀ. ಅಂದರೂ 0.4 ಲೀಟರ್ ಪೆಟ್ರೋಲು, 900 ಗ್ರಾಂಗೂ ಹೆಚ್ಚು ಹೊಗೆ. ಬೆವರು ಅಷ್ಟೇ, ಉಳಿತಾಯ ಹದಿಮೂರು ಪಟ್ಟು. ಒಂದೇ ಷರತ್ತು: ಸೈಕಲ್ ಸವಾರಿ ನಿಜವಾಗಿಯೂ ಒಂದು ಸ್ಕೂಟರ್ ಸವಾರಿಯನ್ನು ತಪ್ಪಿಸಿರಬೇಕು. ಹಾಲು, ತರಕಾರಿ, ಕಚೇರಿ, ಮಕ್ಕಳ ಟ್ಯೂಷನ್ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಜೋಡಿಸಿದರೆ ಪ್ರತ್ಯೇಕ ವ್ಯಾಯಾಮದ ಸಮಯವೂ ಉಳಿಯುತ್ತದೆ. ಮೈಸೂರಿನಲ್ಲಿ ಬಾಡಿಗೆ ಸೈಕಲ್‌ನ ‘ಟ್ರಿಣ್ ಟ್ರಿಣ್’ ಯೋಜನೆ 2017ರಲ್ಲೇ ಶುರುವಾದದ್ದು ಸುಮ್ಮನೆ ಅಲ್ಲ. ಊರಿನ ಅಳತೆಯೇ ಸೈಕಲ್ಲಿಗೆ ಹೊಂದುವಂಥದ್ದು.

ಸೈಕಲ್ ಮೂಲೆ ಸೇರುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಗಾಳಿ ಕಡಿಮೆಯಾದ ಟೈರು ರಸ್ತೆಗೆ ಅಂಟಿದಂತೆ ಓಡಿ ಕಾಲು ಸೋಲಿಸುತ್ತದೆ. ಟೈರಿನ ಪಕ್ಕದಲ್ಲೇ ಅಚ್ಚಾಗಿರುವ ಅಂಕಿ ನೋಡಿ ವಾರಕ್ಕೊಮ್ಮೆ ಗಾಳಿ ಹಾಕಬೇಕು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಅದು ಸರಿಯಾದ ಎತ್ತರ; ತುಳಿಯುವಾಗ ಮುಂಗಾಲು ಇಡುವುದರಿಂದ ಮಂಡಿ ತುಸು ಬಾಗಿಯೇ ಇರುತ್ತದೆ. ಚೈನಿಗೆ ಮನೆಯ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಟ್ಟು, ಐದು ನಿಮಿಷದ ಮೇಲೆ ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿಬಿಡಬೇಕು. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ, ಮೇಲಲ್ಲ.

ಸ್ನಾಯುವಿಗೂ ಇಂಧನ ಬೇಕಲ್ಲ ಅನ್ನುವವರಿದ್ದಾರೆ, ಸರಿಯಾದ ಮಾತೇ. ಆ ಒಂದು ಗಂಟೆಗೆ 400ರಿಂದ 450 ಕ್ಯಾಲರಿ ಖರ್ಚು. ಅದನ್ನು ಮಳೆಯಾಶ್ರಿತ ಹೊಲದ ರಾಗಿಯ ಮುದ್ದೆಯಿಂದ ತುಂಬಿದರೆ ಹೊರೆ ಹಗುರ. ನೀರು ನಿಲ್ಲಿಸಿದ ಮಂಡ್ಯದ ಗದ್ದೆಯ ಭತ್ತ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬಿಡುತ್ತದೆ, ಬನ್ನೂರು ಕುರಿ ಇನ್ನೂ ಹೆಚ್ಚು. ದಿನವೂ ಬಾಡೂಟದಿಂದ ಸೈಕಲ್ ಓಡಿಸುವವರು ಮೇಲಿನ ಉಳಿತಾಯದಲ್ಲಿ ದೊಡ್ಡ ಪಾಲು ಕಳೆದುಕೊಳ್ಳಬೇಕು.

ಬೆವರಿದ ಮೇಲಿನ ಸ್ನಾನ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಷವರಿನಡಿ ಐದು ನಿಮಿಷ ನಿಂತರೆ 40 ಲೀಟರ್ ನೀರು ಹೋಗುತ್ತದೆ. ಅದನ್ನು ಗೀಸರ್ 20 ಡಿಗ್ರಿ ಬಿಸಿ ಮಾಡಲು 0.9 ಯೂನಿಟ್ ಬೇಕು, ಟ್ರೆಡ್‌ಮಿಲ್ ತಿಂದದ್ದರ ಎರಡೂವರೆ ಪಟ್ಟು. ಒಂದು ಬಕೆಟ್‌ನಲ್ಲಿ, 15 ಲೀಟರಿನಲ್ಲಿ ಮುಗಿಸಿದರೆ ಮೂರನೇ ಒಂದಕ್ಕೂ ಹತ್ತಿರ ಇಳಿಯುತ್ತದೆ.

ಯಂತ್ರವಿಲ್ಲದ ವ್ಯಾಯಾಮಕ್ಕೆ ಈ ಊರಲ್ಲಿ ಬರವಿಲ್ಲ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಬೆಟ್ಟದ ಮೆಟ್ಟಿಲು ಸಾವಿರ ದಾಟುತ್ತವೆ. ಅರಿಶಿನ ಕುಂಕುಮ ಬಿದ್ದ ಮೆಟ್ಟಿಲು ಮಂಜಿನಲ್ಲಿ ಜಾರುತ್ತದೆಂದು ಪಕ್ಕದ ಮಣ್ಣಿಗಿಳಿದು ಅಡ್ಡದಾರಿ ಹಿಡಿಯುವವರಿದ್ದಾರೆ. ತುಳಿದಲ್ಲಿ ಹುಲ್ಲು ಸಾಯುತ್ತದೆ, ಮೊದಲ ಜೋರು ಮಳೆಗೆ ಅದೇ ಕಾಲುದಾರಿ ನೀರಿನ ಕಾಲುವೆಯಾಗಿ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಇಳಿಯುವಾಗ ಮಂಡಿ ನೋಯುವವರು ಮೇಲಿನಿಂದ ನಗರ ಬಸ್ ಹಿಡಿಯಬಹುದು.

ಗರಡಿ ಮನೆಯ ದಂಡ, ಬಸ್ಕಿಗೆ ಕರೆಂಟೂ ಬೇಡ, ಸಲಕರಣೆಯೂ ಬೇಡ. ಭಾರವೇ ಬೇಕೆಂದರೆ ಅಡುಗೆ ಎಣ್ಣೆಯ 5 ಲೀಟರ್ ಖಾಲಿ ಕ್ಯಾನ್ ಸಾಕು: ನೀರು ತುಂಬಿದರೆ 5 ಕಿಲೋ, ಒಣ ಮರಳು ತುಂಬಿದರೆ ಸುಮಾರು 8 ಕಿಲೋ. ಅರ್ಧ ತುಂಬಿದ ನೀರು ತುಳುಕಾಡಿ ಮಣಿಕಟ್ಟು ತಿರುಚುತ್ತದೆ, ಕತ್ತಿನ ತನಕ ತುಂಬಿಸಿ. ಬಿಸಿಲಿನಲ್ಲಿಟ್ಟ ಕ್ಯಾನ್ ಪೆಡಸಾಗಿ ಹಿಡಿಯ ಬುಡದಲ್ಲಿ ಸೀಳುತ್ತದೆ. ತಲೆಯ ಮೇಲೆ ಎತ್ತುವುದಕ್ಕೆ ಅದು ಬೇಡ.

ಇನ್ನು ಶೂ. ಒಂದು ಜೊತೆ ಓಟದ ಶೂ ತಯಾರಾಗಿ ಬಳಕೆಯಾಗಿ ಮುಗಿಯುವಷ್ಟರಲ್ಲಿ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದ್ದರು. ಅದು ಮೇಲಿನ ಕಾರಿನ ಹನ್ನೆರಡು ದಿನದ ಓಡಾಟಕ್ಕೆ ಸಮ, ಹಾಗಾಗಿ ಶೂ ವಿಷಯದಲ್ಲಿ ಬಾಳಿಕೆಯೇ ದೊಡ್ಡ ಉಪಾಯ. ಒದ್ದೆ ಶೂವನ್ನು ಉರಿಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ. ಒಳಹಾಸು ತೆಗೆದು, ಹಳೆ ಪತ್ರಿಕೆ ತುರುಕಿ, ನೆರಳಲ್ಲಿ ಒಣಗಿಸಬೇಕು. ಬಾಯಿ ಬಿಟ್ಟ ಸೋಲನ್ನು ಚಮ್ಮಾರರು ಅಂಟಿಸಿ ಹೊಲಿದು ಕೊಡುತ್ತಾರೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಶೂವಿನ ಅಡಿ ವರ್ಷಗಳ ನಂತರ ಪುಡಿಪುಡಿಯಾದರೆ ಆಶ್ಚರ್ಯಪಡಬೇಕಿಲ್ಲ: ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲನ್ನು ಗಾಳಿಯ ತೇವವೇ ನಿಧಾನವಾಗಿ ಒಡೆಯುತ್ತದೆ. ಕೊಂಡದ್ದನ್ನು ಹಾಕಿಕೊಂಡು ಸವೆಸುವುದೇ ಲೇಸು.

ಯೋಗದ ಮ್ಯಾಟ್ ಬದಲು ಹತ್ತಿಯ ಜಮಖಾನ ಆಗುತ್ತದೆ, ನುಣುಪು ಟೈಲ್ಸ್ ಮೇಲೆ ಜಾರುತ್ತದೆ ಅನ್ನುವುದೊಂದೇ ತೊಂದರೆ. ಅದಕ್ಕೆ ಹರಿದ ಪಿವಿಸಿ ಮ್ಯಾಟಿನ ತುಂಡುಗಳನ್ನು ಕೆಳಗೆ ಹಾಸಿಕೊಳ್ಳಬಹುದು. ಆ ಮ್ಯಾಟನ್ನು ಎಲೆ ಕಸದ ಜೊತೆ ಬೆಂಕಿಗೆ ಹಾಕುವುದು ಮಾತ್ರ ಬೇಡ: ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ ಇದ್ದು, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್ ವಿಷವೂ ಹುಟ್ಟುತ್ತವೆ.