ಗೋಪುರವನ್ನು ತಟ್ಟಿ ನೋಡುವುದು

ಮಡಕೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುತ್ತೇವೆ, ಅಲ್ವಾ? ಠಣ್ ಎಂದರೆ ಗಟ್ಟಿ. ಸದ್ದು ಮಂದವಾಗಿ ಬಂದರೆ ಎಲ್ಲೋ ಸೀಳಿದೆ. ಆ ಸೀಳು ಕಣ್ಣಿಗೆ ಕಾಣಲೇಬೇಕೆಂದಿಲ್ಲ.

ಇಟಲಿಯ ಟ್ರೆಂಟೊ ಊರಿನಲ್ಲಿ 31 ಮೀಟರ್ ಎತ್ತರದ ಹಳೆಯ ಗೋಪುರವೊಂದಿದೆ. ಹೆಸರು ತೋರೆ ಆಕ್ವಿಲಾ, ಅಂದರೆ ಹದ್ದಿನ ಗೋಪುರ. ಒಳಗೋಡೆಯ ಮೇಲೆ 1400ರ ಆಸುಪಾಸಿನ ಚಿತ್ರಗಳು, ತಿಂಗಳಿಗೊಂದು. ಜನವರಿಯಲ್ಲಿ ಸಿರಿವಂತರು ಹಿಮದುಂಡೆ ಎಸೆದಾಡುತ್ತಿದ್ದಾರೆ! ಮಾರ್ಚ್ ಚಿತ್ರ ಉಳಿದಿಲ್ಲ. ಮಿಕ್ಕ 11 ತಿಂಗಳನ್ನಾದರೂ ಕಾಪಾಡಿಕೊಳ್ಳಬೇಕಲ್ಲ? ಹತ್ತಿರದಲ್ಲೇ ರಸ್ತೆ ಸುರಂಗ ಕೊರೆಯುವ ಯೋಜನೆ ಬೇರೆ ಇತ್ತು. ಹಾಗಾಗಿ 2008ರಲ್ಲಿ ಗೋಪುರದೊಳಗೆ 16 ವೈರ್‌ಲೆಸ್ ಸೆನ್ಸರ್ ಪೆಟ್ಟಿಗೆಗಳನ್ನು ಕೂರಿಸಿದರು. ಕೆಲವು ಕಂಪನ ಅಳೆಯುತ್ತಿದ್ದವು, ಕೆಲವು ಗೋಡೆ ಎಷ್ಟು ಹಿಗ್ಗಿತು ಎಂದು ನೋಡುತ್ತಿದ್ದವು, ಕೆಲವು ಬಿಸಿ ಅಳೆಯುತ್ತಿದ್ದವು.

ಕಲ್ಲಿನ ಕಟ್ಟಡ ಅಲ್ಲಾಡುತ್ತದೆಯೇ ಎಂದು ಕೇಳುವವರನ್ನು ಕಂಡರೆ ನನಗೆ ರೇಗುತ್ತದೆ. ಎಲ್ಲ ಕಟ್ಟಡವೂ ಅಲ್ಲಾಡುತ್ತದೆ. ಗಾಳಿ ಬೀಸಿದರೆ ಸಾಕು, ರಸ್ತೆಯಲ್ಲಿ ಲಾರಿ ಹೋದರೆ ಸಾಕು. ನಾವು ತಟ್ಟುವುದೇ ಬೇಡ. ಉಯ್ಯಾಲೆಯನ್ನು ಮೆಲ್ಲಗೆ ತಳ್ಳಿ, ಸ್ವಲ್ಪ ಜೋರಾಗಿ ತಳ್ಳಿ, ಹೋಗಿ ಬರಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಗೋಪುರಕ್ಕೂ ಹಾಗೆ ಅದರದ್ದೇ ಲಯವಿದೆ. ತಂಬೂರಿ ತಂತಿ ಸಡಿಲಿಸಿದರೆ ಶ್ರುತಿ ಇಳಿಯುತ್ತದಲ್ಲ, ಗೋಡೆ ಸಡಿಲವಾದರೂ ಅದೇ ಕಥೆ. ಬಿಗಿ ಶೇಕಡ 10ರಷ್ಟು ಕುಗ್ಗಿದರೆ ಕಂಪನದ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲ್ಲಾಡುತ್ತದೆ ಎಂಬುದು, ಸುಮಾರು ಶೇಕಡ 5ರಷ್ಟು ಇಳಿಯುತ್ತದೆ. ಆವೃತ್ತಿ ನಡೆಯುವುದು ಬಿಗಿಯ ವರ್ಗಮೂಲದ ಲೆಕ್ಕದಲ್ಲಿ, ಅಷ್ಟೇ.

ತೊಡಕು ಇರುವುದು ಬಿಸಿಲಿನಲ್ಲಿ. ಬಿಸಿಲಿಗೆ ಕಲ್ಲು ಹಿಗ್ಗಿ, ಕೂದಲೆಳೆಯಂಥ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಗೋಪುರ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಚಳಿಗೆ ಮತ್ತೆ ಇಳಿಯುತ್ತದೆ. ಹವೆ ಬದಲಾದರೆ ಮೃದಂಗದವರು ಪಡುವ ಪಾಡು ನೆನಪಿಸಿಕೊಳ್ಳಿ. ಒಂದು ದಿನ ಅಳೆದು ಹೋದರೆ ಸುಮ್ನೆ ದಂಡ. ಬೇಸಿಗೆ, ಚಳಿಗಾಲ ಎರಡನ್ನೂ ಅಳೆದು, ಬಿಸಿಯ ಪಾಲನ್ನು ಕಳೆದ ಮೇಲೂ ಶ್ರುತಿ ಇಳಿದಿದ್ದರೆ ಆಗ ಗಾಬರಿಯಾಗಬೇಕು.

ಅಷ್ಟು ದಿನ 600 ವರ್ಷದ ಚಿತ್ರಗಳ ಮೇಲೆ ವೈರ್ ಎಳೆಯುವುದುಂಟೇ? ಅದಕ್ಕೇ ರೇಡಿಯೊ. ಆದರೆ ರೇಡಿಯೊ ಬ್ಯಾಟರಿಯನ್ನು ಜಾಸ್ತಿ ತಿನ್ನುತ್ತದೆ. ಹಾಗಾಗಿ ಅದನ್ನು ಹೆಚ್ಚು ಹೊತ್ತು ಮಲಗಿಸಿಡುತ್ತಾರೆ. ಕಂಪನ ಅಳೆಯುವ ಪೆಟ್ಟಿಗೆಗಳ ಗಡಿಯಾರಗಳೂ ಒಂದಕ್ಕೊಂದು ಹೊಂದಬೇಕು. ಇಲ್ಲದಿದ್ದರೆ ಗೋಪುರದ ತಲೆ, ನಡು ಒಟ್ಟಿಗೆ ವಾಲಿದವೋ ಎದುರುಬದುರಾಗಿ ವಾಲಿದವೋ ತಿಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಅನ್ನುತ್ತೀರಾ? ಅದೇ ಇಟಲಿಯ ಪಾವಿಯಾದಲ್ಲಿ 1989ರ ಮಾರ್ಚ್ 17ರಂದು ನಗರದ ಹಳೆಯ ಗೋಪುರ ಕುಸಿದು 4 ಜನ ಸತ್ತರು. ಭೂಕಂಪವಿರಲಿಲ್ಲ. ಶತಮಾನಗಳಿಂದ ಹೊತ್ತ ತನ್ನದೇ ಭಾರಕ್ಕೆ ಗೋಡೆ ಒಳಗೊಳಗೇ ಸೋತಿತ್ತು.

ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಕಾಯುವುದು ಹಳೆಯ ಉಪಾಯ. ಗಾಜು ಒಡೆದರೆ ಬಿರುಕು ಬೆಳೆದಿದೆ ಎಂದರ್ಥ. ಯಾವಾಗ ಒಡೆಯಿತು ಎಂದು ಗಾಜು ಹೇಳುವುದಿಲ್ಲ. ಸೆನ್ಸರ್ ಅದನ್ನು ಹೇಳುತ್ತದೆ. ಆದರೆ ಶ್ರುತಿ ಇಳಿದದ್ದು ಯಾವ ಕಲ್ಲಿನಿಂದ ಎಂದು ಹುಡುಕಲು ಇವತ್ತಿಗೂ ಯಾರಾದರೂ ಟಾರ್ಚ್ ಹಿಡಿದು ಮೆಟ್ಟಿಲು ಹತ್ತಲೇಬೇಕು.